ಅಮ್ಮನ ರಿಪೋರ್ಟಿನಲ್ಲಿ ‘ಎಂಎಸ್‌ಎಚ್2 ಇಲ್ಲ’ ಎಂದು ಬಂದಿದೆ. ಡಿಎನ್‌ಎ ತಪ್ಪು ತಿದ್ದುವುದು ಅಂದರೆ ಎಂತ?

ಕಾಪುವಿನವಳು
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುವುದು ಇದೇ ಮೊದಲು. ನಾನು ಓದಿದ್ದು ಬಿಕಾಂ, ಜೀವಶಾಸ್ತ್ರ ಹತ್ತನೇ ಕ್ಲಾಸಿಗೇ ಮುಗಿಯಿತು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳಿ.

ಅಮ್ಮನಿಗೆ 47 ವರ್ಷ. ಎರಡು ತಿಂಗಳ ಹಿಂದೆ ದೊಡ್ಡ ಕರುಳಿನಿಂದ ಗಡ್ಡೆ ತೆಗೆದರು. ಆಪರೇಷನ್ ಚೆನ್ನಾಗಿ ಆಯಿತು, ಈಗ ಗಂಜಿ ಊಟ ಮಾಡಿಕೊಂಡು ಮನೆಯಲ್ಲಿದ್ದಾರೆ. ಗಡ್ಡೆಯ ತುಂಡಿಗೆ ಬಣ್ಣ ಹಾಕಿ ನೋಡಿದ ರಿಪೋರ್ಟಿನಲ್ಲಿ ನಾಲ್ಕು ಹೆಸರು ಉಂಟು. ಎಂಎಲ್‌ಎಚ್1 ಉಂಟು, ಪಿಎಂಎಸ್2 ಉಂಟು, ಎಂಎಸ್‌ಎಚ್2 ಇಲ್ಲ, ಎಂಎಸ್‌ಎಚ್6 ಇಲ್ಲ. ‘ಡಿಎನ್‌ಎ ಕಾಪಿ ಆಗುವಾಗ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆ, ಮನೆಯವರೂ ರಕ್ತಪರೀಕ್ಷೆ ಮಾಡಿಸಿ’ ಅಂದರು ಡಾಕ್ಟರು. ಹೊರಗೆ ಎಷ್ಟೋ ಜನ ಕಾಯುತ್ತಿದ್ದರು, ನನಗೆ ಹೆಚ್ಚು ಕೇಳಲು ಆಗಲಿಲ್ಲ.

ನನ್ನ ಸೋದರಮಾವ ಇದೇ ಕಾಯಿಲೆಯಲ್ಲಿ 44ಕ್ಕೆ ತೀರಿಕೊಂಡರು. ಅಜ್ಜಿ ಗರ್ಭಕೋಶದ ಕ್ಯಾನ್ಸರಿನಲ್ಲಿ ಹೋದರು. ‘ಇದು ನಮ್ಮ ಬರಿಗೆ ಅಂಟಿದ್ದು’ ಎನ್ನುತ್ತಾರೆ ಮನೆಯ ಹಿರಿಯರು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ, ಬರಿ ಅಂದರೆ ನಮ್ಮ ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಇಳಿದು ಬರುವ ಬಳಿ, ನಿಮ್ಮ ಗೋತ್ರದ ಹಾಗೆ. ತಾಯಿಯ ಕಡೆಯಿಂದಲೇ ಬರುವುದಾದರೆ ನನಗೆ ಬರಬಹುದು, ಅಣ್ಣನ ಮಕ್ಕಳಿಗೆ ಬರುವುದಿಲ್ಲ ಎಂಬುದು ಮನೆಯವರ ಲೆಕ್ಕ. ಇದು ಸರಿಯಾ? ಅದಕ್ಕೂ ಮೊದಲು ಈ ‘ತಿದ್ದುವುದು’ ಎಂದರೆ ಎಂತ ಅಂತ ನನಗೆ ಅರ್ಥ ಆಗಬೇಕು. ಅರ್ಥವಾಗದೆ ಮನೆಯವರಿಗೆ ಹೇಳಲು ನನ್ನಿಂದ ಆಗುವುದಿಲ್ಲ.

ಬ್ರಹ್ಮಾವರದ ಬಯಾಲಜಿ ಟೀಚರ್
ಭಾನುವಾರ, ರಾತ್ರಿ 10:55

ತಂಗೀ, ಅಮ್ಮ ಬೇಗ ಚೇತರಿಸಿಕೊಳ್ಳಲಿ. ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡಿ ನಿವೃತ್ತಳಾದವಳು. ರಿಪೋರ್ಟು ಓದುವ ವಿದ್ಯೆ ನನ್ನದಲ್ಲ, ಅದಕ್ಕೆ ಇಲ್ಲಿ ಡಾಕ್ಟರುಗಳಿದ್ದಾರೆ. ನಕಲು ಮಾಡುವ ಕೆಲಸ ಎಷ್ಟು ದೊಡ್ಡದು ಎಂಬುದನ್ನು ಮಾತ್ರ ಹೇಳುತ್ತೇನೆ.

ಒಂದೊಂದು ಜೀವಕೋಶದಲ್ಲಿ ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು ಸೇರಿ ಸುಮಾರು 640 ಕೋಟಿ ಜೋಡಿ ಅಕ್ಷರ ಉಂಟು. ಅಕ್ಷರ ನಾಲ್ಕೇ: ಎ, ಟಿ, ಜಿ, ಸಿ. ಎ ಎದುರು ಟಿ, ಜಿ ಎದುರು ಸಿ. ಜೀವಕೋಶ ಎರಡಾಗುವ ಮೊದಲು ಇಷ್ಟೂ ಅಕ್ಷರವನ್ನು ಒಮ್ಮೆ, ಒಮ್ಮೆ ಮಾತ್ರ, ನಕಲು ಮಾಡಬೇಕು. ಸಿಗುವ ಸಮಯ ಸುಮಾರು ಎಂಟು ಗಂಟೆ. ಹೆಣೆದ ಎರಡು ಎಳೆ ಬಿಚ್ಚಿಕೊಳ್ಳುತ್ತವೆ, ಒಂದೊಂದು ಹಳೆಯ ಎಳೆಯ ಎದುರು ಒಂದೊಂದು ಹೊಸ ಎಳೆ ಕಟ್ಟಿಕೊಳ್ಳುತ್ತದೆ. ಬಿಚ್ಚುತ್ತಾ ಹೋಗುವ ಜಾಗಕ್ಕೆ ಕವಲು ಎನ್ನೋಣ.

ಕವಲು ನಿಮಿಷಕ್ಕೆ ಒಂದೆರಡು ಸಾವಿರ ಅಕ್ಷರ ಮುಂದೆ ಹೋಗುತ್ತದೆ. ನಮ್ಮ ಅತಿ ದೊಡ್ಡ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಅಕ್ಷರ. ಒಂದು ತುದಿಯಿಂದ ಹೊರಟರೆ ಮೂರು ತಿಂಗಳಾದರೂ ಬೇಕು. ಹಾಗಾಗಿ ಸಾವಿರಾರು ಕಡೆ ಒಟ್ಟಿಗೆ ಶುರುವಾಗುತ್ತದೆ. ಮಳೆ ಹಿಡಿದ ದಿನ ಬೈಲಿನ ಗದ್ದೆಗಳಿಗೆ ಆಳುಗಳೆಲ್ಲ ಒಟ್ಟಿಗೆ ಇಳಿದು ನೇಜಿ ನೆಟ್ಟು ಸಂಜೆಯೊಳಗೆ ಮುಗಿಸುವುದಿಲ್ಲವಾ, ಹಾಗೆ.

ಈಗ ತಪ್ಪಿನ ಲೆಕ್ಕ. ಅಕ್ಷರ ಕೂರಿಸುವ ಕಿಣ್ವದ ಹೆಸರು ಪಾಲಿಮರೇಸ್. ಸರಿಯಾದ ಅಕ್ಷರ ಆರಿಸುವುದರಲ್ಲಿ ಅದು ತಪ್ಪುವುದು ಹೆಚ್ಚುಕಡಿಮೆ ಲಕ್ಷಕ್ಕೊಮ್ಮೆ. ಸಣ್ಣದೆಂದು ಕಾಣುತ್ತದೆ, 640 ಕೋಟಿಗೆ ಗುಣಿಸಿದರೆ 64,000 ತಪ್ಪು. ಆದರೆ ತಪ್ಪು ಅಕ್ಷರ ಕೂತರೆ ಜೋಡಿ ನೇರ ನಿಲ್ಲುವುದಿಲ್ಲ, ಕಿಣ್ವದ ಓಟ ತಡವರಿಸುತ್ತದೆ. ಆಗ ಹೊಸ ಎಳೆಯ ತುದಿ ಅದೇ ಕಿಣ್ವದ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಅಲ್ಲೊಂದು ಕತ್ತರಿ ಉಂಟು. ತಪ್ಪಿದ್ದನ್ನು ಕತ್ತರಿಸಿ ಮತ್ತೆ ಬರೆಯುತ್ತದೆ. ಇದರಿಂದ ತಪ್ಪು ಕೋಟಿಗೊಂದಕ್ಕೆ ಇಳಿಯುತ್ತದೆ, ಅಂದರೆ 640. ಹೀಗೆ ನುಣುಚಿಕೊಂಡ ತಪ್ಪನ್ನು ಹಿಡಿಯಲು ಕವಲಿನ ಹಿಂದೆಯೇ ಬೇರೊಂದು ತಂಡ ಬರುತ್ತದೆ. ಅವರು ಮುಗಿಸಿ ಹೋಗುವಾಗ ಉಳಿಯುವುದು ನೂರು ಕೋಟಿಗೆ ಒಂದು, ಕೆಲವೊಮ್ಮೆ ಅದಕ್ಕೂ ಕಡಿಮೆ. 640 ಕೋಟಿ ಅಕ್ಷರದಲ್ಲಿ ಐದಾರು ತಪ್ಪು.

ನಿನ್ನ ಅಮ್ಮನ ರಿಪೋರ್ಟಿನ ನಾಲ್ಕು ಹೆಸರು ಆ ಕೊನೆಯ ತಂಡದವರದ್ದು.

ಮೊಳೆ ಜೋಡಿಸಿದವ
ಸೋಮವಾರ, ಬೆಳಿಗ್ಗೆ 6:15

ಟೀಚರೇ, ನಾನು ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಹದಿನೆಂಟನೇ ವಯಸ್ಸಿನಿಂದ ಅಚ್ಚುಮೊಳೆ ಜೋಡಿಸಿದವ. ಕೊನೆಗೆ ಕರಡು ತಿದ್ದುವ ಮೇಜಿಗೆ ಬಂದೆ. ನೀವು ಹೇಳಿದ ಎರಡು ಹಂತವೂ ನನ್ನ ಕೈಯಲ್ಲಿ ನಡೆದದ್ದೇ. ತಪ್ಪು ಮೊಳೆ ಬೆರಳಿಗೇ ಗೊತ್ತಾಗುತ್ತಿತ್ತು, ಅಲ್ಲೇ ಎತ್ತಿ ಅದರ ಖಾನೆಗೆ ಎಸೆಯುತ್ತಿದ್ದೆವು. ಬೆರಳು ತಪ್ಪಿಸಿಕೊಂಡದ್ದು ಕರಡಿನಲ್ಲಿ ಸಿಗುತ್ತಿತ್ತು. ಇದೇ ಊರಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟಿತಲ್ಲ, ಅವರಿಗೆ ಹೀಗೆ ಮೊಳೆ ಎತ್ತಿ ಬದಲಿಸುವ ಅನುಕೂಲ ಇರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಅವರ ಮೇಲೆ ಗೌರವ.

ನನ್ನ ಪ್ರಶ್ನೆ ಇದು. ಕರಡು ತಿದ್ದುವಾಗ ಒಬ್ಬ ಲೇಖಕರ ಕೈಬರಹ ಗಟ್ಟಿಯಾಗಿ ಓದುತ್ತಿದ್ದ, ಇನ್ನೊಬ್ಬ ಅಚ್ಚಾದ ಹಾಳೆ ನೋಡುತ್ತಿದ್ದ. ಕೈಬರಹ ಯಾವುದು, ಅಚ್ಚು ಯಾವುದು ಎಂಬುದರಲ್ಲಿ ಗೊಂದಲವೇ ಇಲ್ಲ. ಆದರೆ ಇಲ್ಲಿ ಹಳೆಯ ಎಳೆಯೂ ಡಿಎನ್‌ಎ, ಹೊಸದೂ ಡಿಎನ್‌ಎ. ಎ ಎದುರು ಸಿ ಕೂತಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಯಿತು. ತಪ್ಪಿದ್ದು ಎ ಯಾ, ಸಿ ಯಾ? ತಿದ್ದಲು ಹೋಗಿ ಮೂಲಪ್ರತಿಯನ್ನೇ ಕೆಡಿಸಿಬಿಟ್ಟರೆ?

ಬ್ರಹ್ಮಾವರದ ಬಯಾಲಜಿ ಟೀಚರ್
ಸೋಮವಾರ, ಬೆಳಿಗ್ಗೆ 8:20

ಅಣ್ಣಾ, ಇಷ್ಟು ವರ್ಷ ಪಾಠ ಮಾಡಿದರೂ ಈ ಪ್ರಶ್ನೆಯನ್ನು ಇಷ್ಟು ಸರಿಯಾಗಿ ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಯಾವ ಎಳೆ ಮೂಲ ಎಂದು ತಿಳಿಯದೆ ತಿದ್ದಿದರೆ ಅರ್ಧಕ್ಕರ್ಧ ಸಲ ತಪ್ಪೇ ಖಾಯಂ ಆಗುತ್ತದೆ. ಹಾಗೆ ತಿದ್ದುವುದಕ್ಕಿಂತ ಮುಟ್ಟದಿರುವುದು ಮೇಲು.

ಈ ಗಂಟು ಬಿಡಿಸಿದ್ದು ಅಮೆರಿಕದ ಪಾಲ್ ಮೋಡ್ರಿಚ್ ಮತ್ತು ಅವರ ಜೊತೆಯವರು. ಕರುಳಿನಲ್ಲಿರುವ ಇ ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಜಿ-ಎ-ಟಿ-ಸಿ ಎಂದು ಸಾಲಾಗಿ ಬಂದ ಕಡೆಯಲ್ಲೆಲ್ಲ ಎ ಮೇಲೆ ಮೀಥೈಲ್ ಎಂಬ ಸಣ್ಣ ಗುರುತು ಕೂರುತ್ತದೆ. ಆದರೆ ನಕಲಾದ ಕೂಡಲೇ ಅಲ್ಲ, ಸ್ವಲ್ಪ ಹೊತ್ತು ಕಳೆದು. ಅಷ್ಟರವರೆಗೆ ಹಳೆಯ ಎಳೆಗೆ ಗುರುತು ಇರುತ್ತದೆ, ಹೊಸದಕ್ಕೆ ಇರುವುದಿಲ್ಲ. ಆ ಸಂದಿನಲ್ಲೇ ಕೆಲಸ ಮುಗಿಯಬೇಕು. ಮ್ಯುಟ್‌ಎಸ್ ಎಂಬ ಪ್ರೋಟೀನು ಸೊಟ್ಟ ಜೋಡಿಯನ್ನು ಹಿಡಿಯುತ್ತದೆ, ಮ್ಯುಟ್‌ಎಲ್ ಸುದ್ದಿ ಮುಟ್ಟಿಸುತ್ತದೆ, ಮ್ಯುಟ್‌ಎಚ್ ಗುರುತಿಲ್ಲದ ಎಳೆಗೆ ಕತ್ತರಿ ಹಾಕುತ್ತದೆ. ಇವೆಲ್ಲವನ್ನೂ ಬಿಡಿಬಿಡಿಯಾಗಿ ಶುದ್ಧಮಾಡಿ ಕೊಳವೆಯೊಳಗೆ ಒಟ್ಟುಸೇರಿಸಿ, ರಿಪೇರಿ ನಡೆಯುವುದನ್ನು 1989ರಲ್ಲಿ ತೋರಿಸಿದರು. 2015ರ ರಸಾಯನಶಾಸ್ತ್ರದ ನೊಬೆಲ್ ಮೂವರಿಗೆ ಬಂತು: ಮೋಡ್ರಿಚ್, ಟೋಮಸ್ ಲಿಂಡಾಲ್, ಅಜೀಜ್ ಸಂಜಾರ್. ಮೂವರದ್ದೂ ಡಿಎನ್‌ಎ ರಿಪೇರಿಯ ಬೇರೆ ಬೇರೆ ದಾರಿ.

ಓಲೆಗರಿ, ಉಡುಪಿ
ಸೋಮವಾರ, ಮಧ್ಯಾಹ್ನ 1:05

ಟೀಚರ್, ಇದನ್ನು ಓದಿ ಊಟಕ್ಕೆ ಕೂತಲ್ಲಿಂದ ಎದ್ದು ಬಂದೆ. ನಾನು ಹಳೆಯ ತಾಡವಾಲೆ ಗ್ರಂಥಗಳನ್ನು ಒರೆಸಿ, ಜೋಡಿಸಿ, ಪಟ್ಟಿ ಮಾಡುವ ಕೆಲಸದಲ್ಲಿದ್ದೇನೆ. ನಮ್ಮ ಕಡೆ ಓಲೆಗೆ ಬರೆಯುವುದು ಅಂದರೆ ಕಬ್ಬಿಣದ ಕಂಟದಿಂದ ಕೊರೆಯುವುದು. ಕೊರೆದಾಗ ಅಕ್ಷರಕ್ಕೆ ಬಣ್ಣ ಇಲ್ಲ, ಹಿಡಿದು ಓರೆ ಮಾಡಿದರೆ ಮಾತ್ರ ಕಾಣುತ್ತದೆ. ಆಮೇಲೆ ಮಸಿ ಸವರಿ ಒರೆಸುತ್ತಾರೆ, ಗೀರಿನೊಳಗೆ ಮಸಿ ನಿಂತು ಅಕ್ಷರ ಕಪ್ಪಾಗಿ ಏಳುತ್ತದೆ. ಹಾಗಾಗಿ ಮೂಲವನ್ನು ಪಕ್ಕದಲ್ಲಿಟ್ಟು ನಕಲು ಕೊರೆಯುವಾಗ ಮಸಿ ಕುಡಿದದ್ದು ಮೂಲ, ಬಿಳಿಚಿದ್ದು ನಕಲು. ನಿಮ್ಮ ಬ್ಯಾಕ್ಟೀರಿಯಾದ ಮೀಥೈಲ್ ಗುರುತು ನನಗೆ ಹಾಗೇ ಕಂಡಿತು.

ಇನ್ನೊಂದು. ನಮಗೆ ದೊಡ್ಡ ಶತ್ರು ಹುಳವಲ್ಲ, ಜೂನ್‌ನಿಂದ ಸೆಪ್ಟೆಂಬರಿನ ಈ ಹಸಿ ಗಾಳಿ. ಯಾರೂ ಮುಟ್ಟದೆ ಕಪಾಟಿನಲ್ಲಿಟ್ಟ ಓಲೆಯೂ ಹಾಳಾಗುತ್ತದೆ. ಡಿಎನ್‌ಎಗೂ ಹೀಗೆ ಸುಮ್ಮನೆ ಇದ್ದಲ್ಲೇ ಹಾಳಾಗುವುದು ಉಂಟಾ?

ಪೆಥಾಲಜಿ ಪಿಜಿ, ಮಂಗಳೂರು
ಸೋಮವಾರ, ಸಂಜೆ 7:30

ಉಂಟು, ಬಹಳ ಉಂಟು. ಟೀಚರ್ ಹೇಳಿದ ಲಿಂಡಾಲ್ ತೋರಿಸಿದ್ದೇ ಅದು. ಡಿಎನ್‌ಎ ಕಲ್ಲಿನ ಹಾಗೆ ಗಟ್ಟಿ ಎಂದು ಜನ ನಂಬಿದ್ದ ಕಾಲದಲ್ಲಿ, ಬರೇ ನೀರಿನಲ್ಲಿ ದೇಹದ ಬಿಸಿಗೇ ಅದು ಕಳಚುತ್ತಾ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಒಂದು ಜೀವಕೋಶದಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಕಡೆ ಎ ಅಥವಾ ಜಿ ಕಳಚಿ ಬೀಳುತ್ತದೆ. ಸಿ ಅಕ್ಷರ ನೀರು ತಾಗಿ ಯುರಾಸಿಲ್ ಆಗುವುದೂ ಉಂಟು. ಆರ್‌ಎನ್‌ಎಯಲ್ಲಿ ಯುರಾಸಿಲ್ ಇದೆ, ಡಿಎನ್‌ಎಯಲ್ಲಿ ಮಾತ್ರ ಅದರ ಬದಲು ಥೈಮಿನ್ ಏಕೆ ಎಂದು ಮಕ್ಕಳು ಉರುಹೊಡೆಯುತ್ತಾರೆ. ಕಾರಣ ಇಲ್ಲುಂಟು. ಡಿಎನ್‌ಎಯಲ್ಲಿ ಯುರಾಸಿಲ್ ಕಂಡರೆ ಅದು ಹಾಳಾದ ಸಿ ಎಂದೇ ತಿಳಿದು ಕಿತ್ತುಹಾಕಲು ಒಂದು ಕಿಣ್ವ ಕಾವಲು ತಿರುಗುತ್ತದೆ. ಯುರಾಸಿಲ್ಲೇ ಅಲ್ಲಿನ ಖಾಯಂ ಅಕ್ಷರವಾಗಿದ್ದರೆ ಕಳ್ಳ ಯಾರು, ಮನೆಯವ ಯಾರು ಗೊತ್ತಾಗುತ್ತಿರಲಿಲ್ಲ. ಇಂಥ ಹಾನಿಯನ್ನು ನಕಲಿನ ಕವಲು ಬಂದು ತಲುಪುವ ಮೊದಲೇ ಸರಿಮಾಡಬೇಕು. ತಲುಪಿಬಿಟ್ಟರೆ ತಪ್ಪು ನಕಲಾಗಿ ಮುಂದಿನ ತಲೆಮಾರಿಗೆ ಹೋಗುತ್ತದೆ.

ಕಾಪುವಿನ ತಂಗಿಯ ರಿಪೋರ್ಟಿಗೆ ರಾತ್ರಿ ಬರುತ್ತೇನೆ, ಡ್ಯೂಟಿ ಉಂಟು.

ಬಿಎಸ್ಸಿ ಎರಡನೇ ವರ್ಷ
ಸೋಮವಾರ, ರಾತ್ರಿ 8:10

ಮೇಡಂ, ಮನುಷ್ಯರಲ್ಲಿ ಜಿ-ಎ-ಟಿ-ಸಿ ಗುರುತಿನ ಪದ್ಧತಿ ಇಲ್ಲ ಎಂದು ನಮ್ಮ ಕ್ಲಾಸಲ್ಲಿ ಹೇಳಿದ್ದರು. ಹಾಗಾದರೆ ಮೊಳೆ ಅಂಕಲ್ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಎಂತ?

ಪೆಥಾಲಜಿ ಪಿಜಿ, ಮಂಗಳೂರು
ಸೋಮವಾರ, ರಾತ್ರಿ 11:45

ಸರಿಯಾಗಿ ಹಿಡಿದೆ. ಓಲೆಗರಿ ಅಣ್ಣನ ಮಸಿ ಬ್ಯಾಕ್ಟೀರಿಯಾಕ್ಕೆ ಚೆನ್ನಾಗಿ ಹೊಂದುತ್ತದೆ, ನಮಗೆ ಹೊಂದುವುದಿಲ್ಲ.

ನಮ್ಮಲ್ಲಿ ಗುರುತು ಇರುವುದು ಕೆಲಸ ಮುಗಿಯದ ಅಂಚಿನಲ್ಲಿ. ಡಿಎನ್‌ಎಯ ಎರಡು ಎಳೆ ಎದುರುಬದುರು ದಿಕ್ಕಿಗೆ ಓಡುತ್ತವೆ, ಪಾಲಿಮರೇಸ್ ಬರೆಯುವುದು ಒಂದೇ ದಿಕ್ಕಿಗೆ. ಹಾಗಾಗಿ ಕವಲಿನಲ್ಲಿ ಒಂದು ಹೊಸ ಎಳೆ ಸಲೀಸಾಗಿ ಉದ್ದಕ್ಕೆ ಹೋಗುತ್ತದೆ. ಇನ್ನೊಂದನ್ನು ಹಿಂದೆ ಹಿಂದೆ ಹಾರಿ ತುಂಡುತುಂಡಾಗಿ ಬರೆಯಬೇಕು. ನಮ್ಮಲ್ಲಿ ಒಂದೊಂದು ತುಂಡು ನೂರಿನ್ನೂರು ಅಕ್ಷರ. ತುಂಡುಗಳನ್ನು ಬೆಸೆಯುವವರೆಗೆ ನಡುವೆ ಬಿರುಕು ಇರುತ್ತದೆ. ಬಿರುಕಿದ್ದ ಎಳೆಯೇ ಹೊಸದು. ಸಲೀಸಾಗಿ ಹೋದ ಎಳೆಯಲ್ಲಿ ಬಿರುಕು ಕಡಿಮೆ, ಅಲ್ಲಿ ಪಿಸಿಎನ್‌ಎ ಎಂಬ ಬಳೆ ಸಹಾಯಕ್ಕೆ ಬರುತ್ತದೆ. ಪಾಲಿಮರೇಸ್ ಜಾರದಂತೆ ಹಿಡಿಯಲು ಡಿಎನ್‌ಎಗೆ ತೊಡಿಸಿದ ಬಳೆ ಅದು, ಅದಕ್ಕೆ ಮುಂದು ಹಿಂದು ಉಂಟು. ಅದು ಯಾವ ಕಡೆ ಮುಖ ಮಾಡಿದೆ ಎಂಬುದರಿಂದ ಹೊಸ ಎಳೆ ಯಾವುದೆಂದು ಕತ್ತರಿಗೆ ಗೊತ್ತಾಗುತ್ತದೆ.

ಈ ತುಂಡುಗಳಿಗೆ ಓಕಾಝಾಕಿ ತುಂಡು ಎನ್ನುವುದು. ಜಪಾನಿನ ನಗೋಯಾದಲ್ಲಿ ರೇಜಿ ಓಕಾಝಾಕಿ, ತ್ಸುನೆಕೊ ಓಕಾಝಾಕಿ ಎಂಬ ದಂಪತಿ 1968ರಲ್ಲಿ ತೋರಿಸಿಕೊಟ್ಟರು. ರೇಜಿ ಹುಟ್ಟಿದ್ದು ಹಿರೋಶಿಮಾದಲ್ಲಿ, ಹುಡುಗನಾಗಿದ್ದಾಗ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿದವರು. 1975ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು, 44 ವರ್ಷ. ಆ ಮೇಲೆ ಕೆಲಸ ಮುಂದುವರಿಸಿದ್ದು ತ್ಸುನೆಕೊ.

ಈಗ ತಂಗಿಯ ರಿಪೋರ್ಟು. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಒಂದು ಜೋಡಿ. ಸೊಟ್ಟ ಜಾಗ ಹುಡುಕಿ ಹಿಡಿಯುವವರು ಅವರು. ಎಂಎಲ್‌ಎಚ್1 ಮತ್ತು ಪಿಎಂಎಸ್2 ಇನ್ನೊಂದು ಜೋಡಿ, ಹೊಸ ಎಳೆಗೆ ಕತ್ತರಿ ಹಾಕುವವರು. ಕತ್ತರಿ ಬಿದ್ದಲ್ಲಿಂದ ತಪ್ಪಿನವರೆಗೆ ಇನ್ನೊಂದು ಕಿಣ್ವ ಎಳೆಯನ್ನು ಮೆಂದು ಹಾಕುತ್ತದೆ, ಪಾಲಿಮರೇಸ್ ಮತ್ತೆ ಬರೆಯುತ್ತದೆ, ಕೊನೆಗೆ ಬೆಸುಗೆ. ಎಂಎಸ್‌ಎಚ್6ಗೆ ಜೊತೆ ಇಲ್ಲದೆ ಬಾಳಿಕೆ ಇಲ್ಲ, ಎಂಎಸ್‌ಎಚ್2 ಹೋದರೆ ಅದೂ ಕರಗುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಎರಡು ‘ಇಲ್ಲ’ ಕಂಡರೂ ಕೆಟ್ಟದ್ದು ಒಂದೇ ವಂಶವಾಹಿ ಇರಬಹುದು, ಎಂಎಸ್‌ಎಚ್2.

ಪ್ರತಿ ಜೀವಕೋಶದಲ್ಲಿ ಆ ವಂಶವಾಹಿಯ ಎರಡು ಪ್ರತಿ ಇರುತ್ತವೆ. ಹುಟ್ಟಿನಿಂದಲೇ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಮ್ಮ ಇಷ್ಟು ವರ್ಷ ಗಟ್ಟಿಯಾಗಿದ್ದದ್ದು ಹಾಗೆ. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ, ಅಂದರೆ ಅಲ್ಲಿ ನಕಲು ನಿಲ್ಲುವುದೇ ಇಲ್ಲ. ಎಂದೋ ಒಂದು ಜೀವಕೋಶದಲ್ಲಿ ಎರಡನೆಯ ಪ್ರತಿಯೂ ಕೆಟ್ಟರೆ, ಅಲ್ಲಿಂದ ಮುಂದೆ ಆ ಕೋಶದ ಸಂತಾನಕ್ಕೆ ಕರಡು ತಿದ್ದುವವರೇ ಇಲ್ಲ.

ಮೊದಲು ಕೆಡುವುದು ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಜಾಗ. ನಮ್ಮ ದೊಡ್ಡಮ್ಮ ಪುಸ್ತಕ ತುಂಬ ರಾಮ ರಾಮ ಎಂದು ಬರೆಯುತ್ತಿದ್ದರು. ಪುಟಕ್ಕೆ ಎಷ್ಟು ಬರೆದಿರೆಂದು ಕೇಳಿದರೆ ಒಂದು ಹೆಚ್ಚು, ಒಂದು ಕಡಿಮೆ ಆಗಿಯೇ ಇರುತ್ತಿತ್ತು. ಪಾಲಿಮರೇಸ್ ಕೂಡ ಎ ಎ ಎ ಎ ಎಂಬಲ್ಲಿ ಜಾರುತ್ತದೆ. ಜೀವಕೋಶಕ್ಕೆ ‘ಸಾಕು, ಬೆಳೆಯಬೇಡ’ ಎಂಬ ಸಂದೇಶ ಹಿಡಿಯುವ ಒಂದು ವಂಶವಾಹಿಯಲ್ಲಿ ಸಾಲಾಗಿ ಹತ್ತು ಎ ಉಂಟು, ಟಿಜಿಎಫ್‌ಬಿಆರ್2 ಎಂದು ಹೆಸರು. ಒಂದು ಎ ಬಿಟ್ಟುಹೋದರೂ ಅಲ್ಲಿಂದ ಮುಂದಿನ ಓದು ಪೂರ್ತಿ ತಪ್ಪುತ್ತದೆ, ‘ಸಾಕು’ ಎಂಬುದು ಕೇಳಿಸುವುದೇ ಇಲ್ಲ. ಇಂಥ ಗಡ್ಡೆಗಳಲ್ಲಿ ನಾವು ಇದನ್ನು ಮತ್ತೆ ಮತ್ತೆ ನೋಡುತ್ತೇವೆ.

ಕಾಪುವಿನವಳು
ಮಂಗಳವಾರ, ಬೆಳಿಗ್ಗೆ 5:50

ಎಲ್ಲವನ್ನೂ ಎರಡು ಸಲ ಓದಿದೆ. ಆ ಜಪಾನಿನವರ ವಯಸ್ಸು 44 ಎಂದಲ್ಲಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಮಾವನೂ 44.

ಅಮ್ಮನಿಗೆ ರಾಮನಾಮದ ಉದಾಹರಣೆ ಹೇಳಿದೆ. ‘ಹಾಗಾದರೆ ನಾನು ತಿಂದದ್ದರಿಂದ ಬಂದದ್ದಲ್ಲವಾ’ ಎಂದು ಕೇಳಿದರು. ಇಷ್ಟು ದಿನ ಅವರ ಮನಸ್ಸಿನಲ್ಲಿ ಅದೇ ಕೊರೆಯುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಮಲ್ಪೆ ಬೋಟಿನವ
ಮಂಗಳವಾರ, ಮಧ್ಯಾಹ್ನ 3:30

ತಂಗೀ, ಅಮ್ಮನಿಗೆ ಧೈರ್ಯ ಹೇಳು. ನಂದೊಂದು ಪ್ರಶ್ನೆ ಟೀಚರಿಗೆ. ನಾವು ಬೋಟಿನಲ್ಲಿ ಇಡೀ ದಿನ ಬಿಸಿಲಿಗೆ ನಿಲ್ಲುವವರು. ಬಿಸಿಲು ಡಿಎನ್‌ಎಯನ್ನು ಕೆಡಿಸುತ್ತದೆ ಅನ್ನುತ್ತಾರೆ. ಆದರೆ ನಡುಗಡಲಲ್ಲಿ ಹಲಗೆ ಸಂದಿನಿಂದ ನೀರು ಬಂದರೆ ನಾವು ಅಲ್ಲೇ ನಿಂತು ಹಲಗೆ ಬದಲಿಸಲು ಆಗುವುದಿಲ್ಲ. ಸಿಕ್ಕಿದ್ದನ್ನು ತುರುಕಿ ಬಂದರು ಮುಟ್ಟುತ್ತೇವೆ, ರಿಪೇರಿ ಆಮೇಲೆ. ಅರ್ಧ ನಕಲಾಗಿರುವಾಗ ಕೆಟ್ಟ ಅಕ್ಷರ ಎದುರಾದರೆ ಕವಲು ಎಂತ ಮಾಡುತ್ತದೆ?

ಬ್ರಹ್ಮಾವರದ ಬಯಾಲಜಿ ಟೀಚರ್
ಮಂಗಳವಾರ, ಸಂಜೆ 6:40

ನೀವು ಬೋಟಿಗೆ ಹೇಳಿದ್ದನ್ನೇ ಜೀವಕೋಶವೂ ಮಾಡುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಪಕ್ಕಪಕ್ಕದ ಎರಡು ಟಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಾಲಿಮರೇಸಿನ ಬಾಯಿಗೆ ಆ ಗಂಟು ಹಿಡಿಸುವುದಿಲ್ಲ, ಅದು ನಿಂತುಬಿಡುತ್ತದೆ. ಎಳೆ ಬಿಚ್ಚುವ ಕಿಣ್ವ ಮಾತ್ರ ಮುಂದೆ ಹೋಗುತ್ತಾ ಇರುತ್ತದೆ, ಹಾಗಾಗಿ ಒಂಟಿ ಎಳೆ ಬೆತ್ತಲೆ ಬೀಳುತ್ತದೆ. ಬೆತ್ತಲೆ ಎಳೆ ಬೇಗ ತುಂಡಾಗುತ್ತದೆ. ಕೂಡಲೇ ಆರ್‌ಪಿಎ ಎಂಬ ಪ್ರೋಟೀನು ಬಂದು ಅದಕ್ಕೆ ಹೊದಿಕೆ ಹಾಕುತ್ತದೆ. ಹೊದಿಕೆ ಬಿದ್ದ ಎಳೆ ಕಂಡರೆ ಎಟಿಆರ್ ಎಂಬ ಇನ್ನೊಂದು ಪ್ರೋಟೀನು ಕೂಗು ಹಾಕುತ್ತದೆ: ಹೊಸ ಕಡೆ ನಕಲು ಶುರುಮಾಡಬೇಡಿ, ಇದು ಮುಗಿಯದೆ ಕೋಶ ಎರಡಾಗಬಾರದು.

ಕೆಲವು ಸಲ ಕವಲೇ ಹಿಂದೆ ಸರಿಯುತ್ತದೆ. ಎರಡು ಹೊಸ ಎಳೆಗಳು ಪರಸ್ಪರ ಹೆಣೆದುಕೊಂಡು ಕೋಳಿಯ ಪಾದದ ಆಕಾರ ಬರುತ್ತದೆ. ಆ ಹೊತ್ತಿಗೆ ಆ ತುದಿಗೆ ರಕ್ಷಣೆ ಬೇಕು. ಬಿಆರ್‌ಸಿಎ2 ಎಂಬ ಹೆಸರನ್ನು ಸ್ತನದ ಕ್ಯಾನ್ಸರಿನ ಸುದ್ದಿಯಲ್ಲಿ ನೀವೆಲ್ಲ ಕೇಳಿರುತ್ತೀರಿ. ಅದು ಆರ್‌ಎಡಿ51 ಎಂಬ ಪ್ರೋಟೀನನ್ನು ಅಲ್ಲಿ ಸಾಲಾಗಿ ಕೂರಿಸಿ ಕಾಯುತ್ತದೆ. ಅದಿಲ್ಲದಿದ್ದರೆ ಆಗಷ್ಟೇ ಬರೆದದ್ದನ್ನು ಎಂಆರ್‌ಇ11 ಎಂಬ ಕಿಣ್ವ ಮೆಂದುಬಿಡುತ್ತದೆ. ತುಂಡಾದ ಡಿಎನ್‌ಎಯನ್ನು ಕೂಡಿಸುವುದಷ್ಟೇ ಬಿಆರ್‌ಸಿಎ2ರ ಕೆಲಸ ಎಂದು ನಾನು ಪಾಠ ಮಾಡಿದ್ದೆ. ನಿಂತ ಕವಲನ್ನು ಕಾಯುವುದೂ ಅದೇ ಎಂಬುದು 2011ರಲ್ಲಿ ಬಂದ ಕೆಲಸದಿಂದ ಗೊತ್ತಾಯಿತು, ಓದಿದ ದಿನ ನನಗಾದ ಸಂತೋಷ ಈಗಲೂ ನೆನಪುಂಟು.

ನೀವು ಹೇಳಿದ ‘ತುರುಕಿ ಬಂದರು ಮುಟ್ಟುವುದು’ ಇನ್ನೊಂದು ದಾರಿ. ಪಾಲಿಮರೇಸ್ ಈಟಾ ಎಂಬ ಬೇರೊಂದು ಕಿಣ್ವದ ಬಾಯಿ ಅಗಲ. ಮಾಮೂಲಿಯವ ಇಳಿದು ಅದಕ್ಕೆ ಜಾಗ ಬಿಡುತ್ತಾನೆ, ಅದು ಅಂಟಿದ ಟಿ-ಟಿ ಎದುರು ಎ-ಎ ಕೂರಿಸಿ ದಾಟಿಸುತ್ತದೆ, ಮಾಮೂಲಿಯವ ಮತ್ತೆ ಹತ್ತುತ್ತಾನೆ. ಗಂಟು ಹಾಗೇ ಇರುತ್ತದೆ, ಆದರೆ ನಕಲು ಪೂರ್ತಿಯಾಗುತ್ತದೆ. ಆಮೇಲೆ ಇನ್ನೊಂದು ತಂಡ ಬಂದು ಗಂಟಿನ ಎರಡೂ ಬದಿ ಕತ್ತರಿಸಿ ಸುಮಾರು ಮೂವತ್ತು ಅಕ್ಷರದ ತುಂಡನ್ನೇ ತೆಗೆದು ಹೊಸದು ಬರೆಯುತ್ತದೆ, ಸಂಜಾರ್‌ಗೆ ನೊಬೆಲ್ ಬಂದದ್ದು ಆ ಕೆಲಸಕ್ಕೆ. ಹುಟ್ಟಿನಿಂದ ಈಟಾ ಇಲ್ಲದವರಿಗೆ ಬಿಸಿಲು ತಾಗಿದ ಚರ್ಮದಲ್ಲಿ ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬರುತ್ತದೆ.

ನಿಮ್ಮ ಬಲೆಗೆ ಬೀಳುವ ಮೀನಿನ ಜಾತಿಗೆ ಇನ್ನೂ ಸುಲಭದ ಉಪಾಯ ಉಂಟು. ಫೋಟೋಲಯೇಸ್ ಎಂಬ ಕಿಣ್ವ ಬೆಳಕಿನ ನೀಲಿಯನ್ನೇ ಹಿಡಿದು, ಆ ಬಲದಿಂದ ಅಂಟಿದ ಎರಡು ಟಿಗಳನ್ನು ನೇರವಾಗಿ ಬಿಡಿಸುತ್ತದೆ. ಕತ್ತರಿಯೂ ಬೇಡ, ಮತ್ತೆ ಬರೆಯುವುದೂ ಬೇಡ. ಗಿಡಕ್ಕೂ ಉಂಟು, ಬ್ಯಾಕ್ಟೀರಿಯಾಕ್ಕೂ ಉಂಟು. ನಮ್ಮ ಪೂರ್ವಜರು ದಾರಿಯಲ್ಲೆಲ್ಲೋ ಅದನ್ನು ಕಳೆದುಕೊಂಡರು. ಆದ್ದರಿಂದ ಅಣ್ಣಾ, ತೋಳು ಮುಚ್ಚುವ ಅಂಗಿ ಹಾಕಿ, ತಲೆಗೆ ಬಟ್ಟೆ ಸುತ್ತಿಕೊಳ್ಳಿ.

ಪುತ್ತೂರಿನ ತೋಟದವ
ಮಂಗಳವಾರ, ರಾತ್ರಿ 9:00

ಬಿಸಿಲಿನ ಮಾತು ಬಂತು, ಅಡಿಕೆಯದ್ದೂ ಹೇಳಿ. ಪೇಪರಿನಲ್ಲಿ ಆಗಾಗ ಬರುತ್ತದೆ. ಹೊಗೆಸೊಪ್ಪು ಸೇರಿದರೆ ಮಾತ್ರ ತೊಂದರೆ, ಬರೀ ಅಡಿಕೆಗೆ ಏನೂ ಇಲ್ಲ ಎಂದು ನಮ್ಮಲ್ಲಿ ಎಲ್ಲರ ನಂಬಿಕೆ. ನನ್ನ ಮನೆ ನಡೆಯುವುದೇ ಅಡಿಕೆಯಿಂದ.

ಪೆಥಾಲಜಿ ಪಿಜಿ, ಮಂಗಳೂರು
ಮಂಗಳವಾರ, ರಾತ್ರಿ 10:20

ಅಣ್ಣಾ, ನನ್ನ ಅಜ್ಜನ ಮನೆಯೂ ಅಡಿಕೆ ತೋಟವೇ. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಮೊದಲನೇ ಗುಂಪಿಗೆ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಗುಂಪಿಗೆ ಸೇರಿಸಿದೆ. ಜಗಿಯುವಾಗ ಹುಟ್ಟುವ ವಸ್ತುಗಳು ಬಾಯಿಯ ಒಳಪದರದ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಅದೂ ಕರುಳಿನ ಹಾಗೆ ಸದಾ ಹೊಸದಾಗುವ ಪದರ, ಕವಲು ಬರುವಷ್ಟರಲ್ಲಿ ಪೆಟ್ಟು ಸರಿಹೋಗಿರಬೇಕು. ದಿನವಿಡೀ ದವಡೆಯಲ್ಲಿ ಅಡಿಕೆ ಇಟ್ಟುಕೊಂಡರೆ ರಿಪೇರಿಗೆ ಪುರುಸೊತ್ತು ಸಿಗುವುದಿಲ್ಲ.

ಪುತ್ತೂರಿನ ತೋಟದವ
ಮಂಗಳವಾರ, ರಾತ್ರಿ 10:50

ಅಪ್ಪನ ಬಾಯಿ ಈಗೀಗ ಎರಡು ಬೆರಳಷ್ಟೇ ತೆರೆಯುತ್ತದೆ. ಖಾರ ತಿಂದರೆ ಉರಿ. ವಯಸ್ಸಾಯಿತು, ಹಾಗೆ ಎಂದುಕೊಂಡಿದ್ದೆವು.

ಪೆಥಾಲಜಿ ಪಿಜಿ, ಮಂಗಳೂರು
ಮಂಗಳವಾರ, ರಾತ್ರಿ 10:55

ಅದು ವಯಸ್ಸಿನದ್ದಲ್ಲ ಅಣ್ಣಾ. ಈ ವಾರವೇ ಬಾಯಿಯ ಡಾಕ್ಟರಿಗೆ ತೋರಿಸಿ, ಅಡಿಕೆ ಇವತ್ತೇ ನಿಲ್ಲಿಸಿ. ದಯವಿಟ್ಟು ಮುಂದೂಡಬೇಡಿ.

ಕಾಪುವಿನವಳು
ಬುಧವಾರ, ಬೆಳಿಗ್ಗೆ 9:15

ಡಾಕ್ಟ್ರೇ, ‘ಬರಿಗೆ ಅಂಟಿದ್ದು’ ಎಂಬ ಪ್ರಶ್ನೆ ಉಳಿಯಿತು.

ಪೆಥಾಲಜಿ ಪಿಜಿ, ಮಂಗಳೂರು
ಬುಧವಾರ, ರಾತ್ರಿ 9:30

ಅದನ್ನು ನಿಧಾನವಾಗಿ ಬರೆಯಬೇಕೆಂದೇ ಇಟ್ಟುಕೊಂಡಿದ್ದೆ.

ನಿಮ್ಮ ಮನೆಯ ಕಥೆ ಕೇಳಿದರೆ ಇದು ಲಿಂಚ್ ಸಿಂಡ್ರೋಮ್, ಅಂದರೆ ತಿದ್ದುವ ವಂಶವಾಹಿಯ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟು ಕುಟುಂಬದಲ್ಲಿ ಇಳಿದು ಬರುವ ಕಾಯಿಲೆ, ಇರುವ ಸಾಧ್ಯತೆ ಹೆಚ್ಚು. ಖಚಿತವಾಗುವುದು ಅಮ್ಮನ ರಕ್ತಪರೀಕ್ಷೆಯಿಂದ, ಏಕೆಂದರೆ ಅಪರೂಪಕ್ಕೆ ಎರಡು ಪ್ರತಿಯೂ ಗಡ್ಡೆಯೊಳಗೆ ಮಾತ್ರ ಕೆಟ್ಟಿರುವುದುಂಟು. ಕಾಯಿಲೆ ಹೊಸದೇನಲ್ಲ. ಅಮೆರಿಕದ ವಾರ್ಥಿನ್ ಎಂಬ ಪೆಥಾಲಜಿಸ್ಟ್‌ಗೆ 1895ರಲ್ಲಿ ಅವರ ಮನೆಯ ಬಟ್ಟೆ ಹೊಲಿಯುವ ಹೆಂಗಸು ‘ನಮ್ಮ ಮನೆಯವರೆಲ್ಲ ಕರುಳಿನ ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಲ್ಲೇ ಹೋಗುವುದು, ನಾನೂ ಹಾಗೇ’ ಎಂದು ಹೇಳಿದಳಂತೆ. ಆಕೆ ಹೇಳಿದ ಹಾಗೇ ಆಯಿತು. ಆ ಕುಟುಂಬದ ವಿವರವನ್ನು ಅವರು 1913ರಲ್ಲಿ ಪ್ರಕಟಿಸಿದರು. ವಂಶವಾಹಿಗಳು ಸಿಕ್ಕಿದ್ದು ಬಹಳ ಆಮೇಲೆ, 1993ರಿಂದೀಚೆಗೆ. ನಿಮ್ಮ ಹಿರಿಯರು ‘ಬರಿಗೆ ಅಂಟಿದ್ದು’ ಎಂದದ್ದರಲ್ಲಿ ಕುಟುಂಬದಲ್ಲಿ ಇಳಿದು ಬರುತ್ತದೆ ಎಂಬ ಭಾಗ ಸರಿ. ಅದನ್ನು ಅವರು ಕಣ್ಣಿಟ್ಟು ನೋಡಿದ್ದಾರೆ.

ಇಳಿಯುವ ದಾರಿ ಮಾತ್ರ ಬೇರೆ. ಆಸ್ತಿ ಅಳಿಯಸಂತಾನದಲ್ಲಿ ಇಳಿಯಿತು, ಬರಿಯೂ ತಾಯಿಯಿಂದ ಇಳಿಯುತ್ತದೆ. ವಂಶವಾಹಿಗೆ ಆ ಕಟ್ಟು ಗೊತ್ತಿಲ್ಲ. ಕೆಟ್ಟ ಪ್ರತಿ ಇರುವವರು ಗಂಡಸಾಗಲಿ ಹೆಂಗಸಾಗಲಿ, ಅವರ ಪ್ರತಿಯೊಂದು ಮಗುವಿಗೂ ಅದು ಹೋಗುವ ಸಂಭವ ಅರ್ಧಕ್ಕರ್ಧ. ಹಾಗಾಗಿ ಅಮ್ಮನಲ್ಲಿ ಅದಿದ್ದರೆ ನಿನಗೆ ಅರ್ಧ, ಅಣ್ಣನಿಗೂ ಅರ್ಧ. ಅಣ್ಣನಲ್ಲಿದ್ದರೆ ಅವನ ಮಕ್ಕಳಿಗೂ ಅರ್ಧ. ಅಣ್ಣನಲ್ಲಿ ಇಲ್ಲದಿದ್ದರೆ ಅವನಿಂದ ಮಕ್ಕಳಿಗೆ ಬರುವುದಿಲ್ಲ, ಅಲ್ಲಿಗೆ ನಿಂತಿತು.

ಈಗ ನನಗೆ ಹೆಚ್ಚು ಚಿಂತೆಯಾದದ್ದು. ನಿನ್ನ ಸೋದರಮಾವನಿಗೆ ಮಕ್ಕಳಿದ್ದಾರಾ? ಬರಿಯ ಲೆಕ್ಕದಲ್ಲಿ ಅವರು ತಮ್ಮ ತಾಯಿಯ ಬರಿಯವರು, ನಿಮ್ಮವರಲ್ಲ. ಹಾಗಾಗಿ ‘ನಮ್ಮ ಬರಿಯ ಕಾಯಿಲೆ’ ಎಂದಾಗ ಅವರಿಗೆ ಯಾರೂ ಹೇಳಿರುವುದಿಲ್ಲ. ಆದರೆ ಮಾವನಿಗೆ ಇದೇ ಕಾಯಿಲೆ ಬಂದಿತ್ತೆಂದರೆ ಅವರಿಗೂ ಅರ್ಧದ ಸಂಭವ ಉಂಟು.

ಇನ್ನೊಂದು ಮಾತು, ಬೇಸರಿಸಬೇಡಿ. ನಮ್ಮ ಕಡೆ ಸೋದರಮಾವನ ಮಗ, ಮಗಳ ಜೊತೆ ಮದುವೆ ಮಾಡುವ ರೂಢಿ ಉಂಟು. ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇದ್ದರೆ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಎರಡೂ ಕೆಟ್ಟದ್ದೇ ಬರಬಹುದು. ಅಂಥ ಮಗುವಿಗೆ ಹುಟ್ಟಿನಿಂದಲೇ ಕರಡು ತಿದ್ದುವವರಿಲ್ಲ, ಚಿಕ್ಕಂದಿನಲ್ಲೇ ಮೆದುಳು, ರಕ್ತ, ಕರುಳಿನ ಕ್ಯಾನ್ಸರ್ ಬರುತ್ತದೆ. ಬಹಳ ಅಪರೂಪ, ಆದರೂ ಮದುವೆ ಮಾತುಕತೆಗೆ ಮೊದಲು ಗೊತ್ತಿರಬೇಕಾದ ವಿಷಯ.

ಮಾಡುವುದು ಬಹಳ ಉಂಟು, ಅದನ್ನೂ ಹೇಳಬೇಕು. ಕೆಟ್ಟ ಪ್ರತಿ ಇದೆಯೆಂದು ಗೊತ್ತಾದವರು 20ರಿಂದ 25 ವರ್ಷಕ್ಕೇ ಶುರುಮಾಡಿ ಒಂದೆರಡು ವರ್ಷಕ್ಕೊಮ್ಮೆ ಕರುಳನ್ನು ಕ್ಯಾಮೆರಾದಿಂದ ನೋಡಿಸಬೇಕು. ಗಡ್ಡೆಯಾಗುವ ಮೊದಲಿನ ಸಣ್ಣ ಮೊಳಕೆ ಕಂಡರೆ ಆಗಲೇ ತೆಗೆಯುತ್ತಾರೆ. ಹೆಂಗಸರು ಗರ್ಭಕೋಶದ ಬಗ್ಗೆಯೂ ಡಾಕ್ಟರಲ್ಲಿ ಮಾತಾಡಬೇಕು. ಇನ್ನೊಂದು ಸಮಾಧಾನ: ತಿದ್ದುವವರಿಲ್ಲದ ಗಡ್ಡೆ ಎಷ್ಟು ವಿಚಿತ್ರ ಪ್ರೋಟೀನು ತಯಾರಿಸುತ್ತದೆಂದರೆ, ದೇಹದ ಕಾವಲು ಕೋಶಗಳಿಗೆ ಅದು ಹೊರಗಿನದೆಂದು ಗುರುತು ಸಿಗುತ್ತದೆ. ಆ ಕಾವಲನ್ನು ಎಬ್ಬಿಸುವ ಪೆಂಬ್ರೊಲಿಝುಮಾಬ್ ಎಂಬ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಗಡ್ಡೆ ಯಾವ ಅಂಗದ್ದೇ ಆಗಲಿ, ಈ ತಿದ್ದುವ ದೋಷ ಇದ್ದರೆ ಕೊಡಬಹುದೆಂದು. ಅಮ್ಮನಿಗೆ ಈಗ ಅದರ ಅಗತ್ಯ ಉಂಟೇ ಎಂಬುದನ್ನು ಅವರ ಡಾಕ್ಟರೇ ಹೇಳಬೇಕು.

ಕಾಪುವಿನವಳು
ಗುರುವಾರ, ರಾತ್ರಿ 8:50

ಮಾವನಿಗೆ ಇಬ್ಬರು ಮಕ್ಕಳು, ಮುಂಬಯಿಯಲ್ಲಿದ್ದಾರೆ. ದೊಡ್ಡವಳಿಗೆ 29, ಚಿಕ್ಕವನಿಗೆ 24. ನೀವು ಹೇಳಿದ್ದು ನಿಜ, ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಅಪ್ಪ ಹೋದ ಮೇಲೆ ಅತ್ತೆ ಈ ಊರಿನ ಸಂಪರ್ಕವನ್ನೇ ಕಡಿಮೆ ಮಾಡಿದ್ದರು.

ಇವತ್ತು ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ. ಹೇಗೆ ಶುರುಮಾಡುವುದೆಂದು ತಿಳಿಯದೆ ಮೊದಲು ಮೊಳೆ ಅಂಕಲ್‌ನ ಕರಡು ತಿದ್ದುವ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, ‘ಅಪ್ಪನಿಗೆ ಬಂದದ್ದು ನನಗೂ ಬರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಅಪ್ಪನ ಕಡೆಯಿಂದ ಬರುವುದಿಲ್ಲ ಎಂದು ಎಲ್ಲರೂ ಬಾಯಿ ಮುಚ್ಚಿಸಿದ್ದರು. ನಿನಗೆ ಯಾರು ಹೇಳಿದ್ದು?’ ಈ ಪುಟವನ್ನು ಅವಳಿಗೆ ಕಳಿಸಿದ್ದೇನೆ.

ಅಮ್ಮನ ರಕ್ತ ಸೋಮವಾರ ಕೊಡುವುದೆಂದು ಆಗಿದೆ.

ಪೆಥಾಲಜಿ ಪಿಜಿ, ಮಂಗಳೂರು
ಗುರುವಾರ, ರಾತ್ರಿ 11:10

ಒಳ್ಳೆಯದು ಮಾಡಿದೆ. ಮಣಿಪಾಲದಲ್ಲಿ ವಂಶವಾಹಿಗಳ ಬಗ್ಗೆ ಸಲಹೆ ಕೊಡುವ ವಿಭಾಗ ಉಂಟು, ಸೋಮವಾರ ಅಲ್ಲಿಗೇ ಹೋಗುವುದಾದರೆ ಮೂರು ತಲೆಮಾರಿನ ಪಟ್ಟಿ ಬರೆದುಕೊಂಡು ಹೋಗು: ಯಾರಿಗೆ ಯಾವ ಕಾಯಿಲೆ, ಎಷ್ಟನೇ ವಯಸ್ಸಿಗೆ. ಅಪ್ಪನ ಕಡೆಯವರದ್ದೂ ಬರೆದುಕೋ. ಅಮ್ಮನ ರಿಪೋರ್ಟಿನಲ್ಲಿ ನಿಖರವಾಗಿ ಯಾವ ಅಕ್ಷರ ಬದಲಾಗಿದೆ ಎಂಬುದು ಬಂದ ಮೇಲೆ ಅದರ ಪ್ರತಿಯನ್ನು ಮುಂಬಯಿಗೂ ಕಳಿಸು. ಅವರಿಗೆ ಆ ಒಂದು ಜಾಗ ಮಾತ್ರ ನೋಡಿಸಿದರೆ ಸಾಕು, ಖರ್ಚೂ ಕಡಿಮೆ.

ಮೊಳೆ ಜೋಡಿಸಿದವ
ಶುಕ್ರವಾರ, ಬೆಳಿಗ್ಗೆ 6:05

ಮಗಾ, ಪಟ್ಟಿ ಬರೆದ ಮೇಲೆ ಅಮ್ಮನ ಹತ್ತಿರ ಗಟ್ಟಿಯಾಗಿ ಓದಿಸು, ನೀನು ಹಾಳೆ ನೋಡು. ವಯಸ್ಸು, ವರ್ಷ ಬರೆಯುವಾಗಲೇ ಕೈ ತಪ್ಪುವುದು.